ವಕೀಲಿ ವಿದ್ಯೆಯೂ ನಮ್ಮ ಪಶ್ಚಿಮ ತಾಲೂಕುಗಳ ತರುಣರೂ

ಪದವಿ ಪರೀಕ್ಷೆಗಳು ಮುಗಿದು ವಿದ್ಯಾರ್ಥಿಗಳು ಫಲಿತಾಂಶವನ್ನು ಇದಿರುನೋಡುವ ದಿನಗಳಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಈ ಐದು ತಾಲೂಕುಗಳ ಮನೆಮನೆಗಳಲ್ಲಿ “ಮುಂದೇನು?” ಎಂಬ ಪ್ರಶ್ನೆ ಏಳುವುದು ವರ್ಷವರ್ಷದ ಮಾತು. ಉಪಾಧ್ಯಾಯರ ತರಬೇತಿ, ಪೊಲೀಸು ಭರ್ತಿ, ಸರಕಾರಿ ಗುಮಾಸ್ತೆಯ ಹುದ್ದೆ ಇವುಗಳ ಪ್ರಸ್ತಾಪ ಮೊದಲು ಬರುತ್ತದೆ. ಕಾಯಿದೆ ವ್ಯಾಸಂಗದ ಪ್ರಸ್ತಾಪ ಬಂದರೆ ಕೊನೆಗೆ ಬರುತ್ತದೆ. ಅದೂ ಉಳಿದ ಬಾಗಿಲುಗಳೆಲ್ಲ ಮುಚ್ಚಿದ ಮೇಲೆ. ಆಗ ಹುಡುಗನು ಯಾರನ್ನೋ ವಿಚಾರಿಸಿ, ಯಾವುದೋ ಕಾಲೇಜಿನ ಅರ್ಜಿಯನ್ನು ತಂದು, ಕಡೆಯ ದಿನ ತುಂಬಿ ಕೊಡುತ್ತಾನೆ. ಯುದ್ಧಕಾಲೇ ಶಸ್ತ್ರಾಭ್ಯಾಸವೆಂದು ಹಿರಿಯರು ಹೇಳಿದ್ದು ಇಂಥದನ್ನೇ.

ಈ ರೂಢಿ ತಪ್ಪಬೇಕೆಂಬುದು ನಮ್ಮ ಅಭಿಪ್ರಾಯ. ಕಾಯಿದೆಯ ಕಾಲೇಜಿಗೆ ಸೇರುವ ಸಿದ್ಧತೆಯು ಅರ್ಜಿ ಹಾಕುವ ತಿಂಗಳಲ್ಲಿ ಮೊದಲಾಗತಕ್ಕದ್ದಲ್ಲ. ಅದು ಪದವಿ ತರಗತಿಯ ಮೊದಲನೆಯ ವರ್ಷದಲ್ಲಿ, ಸ್ವಂತ ಊರಿನಲ್ಲಿಯೇ, ಮನೆಯ ಪೆಟ್ಟಿಗೆಯೊಳಗಿನ ಕಾಗದಪತ್ರಗಳಿಂದಲೇ ಮೊದಲಾಗಬೇಕು. ಅದಕ್ಕೆ ದೊಡ್ಡ ಪಟ್ಟಣದ ತರಬೇತಿ ಶಾಲೆಗಳ ಶುಲ್ಕವೇ ಬೇಕೆಂದಿಲ್ಲ. ಬೇಕಾದುದು ಎರಡು ಭಾಷೆಗಳ ಶ್ರದ್ಧಾಪೂರ್ವಕ ಅಭ್ಯಾಸ, ನಿಯಮಗಳ ಸರಿಯಾದ ತಿಳುವಳಿಕೆ, ಮತ್ತು ಹಿರಿಯರ ಒಂದಿಷ್ಟು ಒತ್ತಾಸೆ.

ಹಿಂದಿನ ಸ್ಥಿತಿ

ಈ ಸೀಮೆಯು ೧೮೦೦ರಲ್ಲಿ ನಿಜಾಮನು ಇಂಗ್ಲಿಷರಿಗೆ ಬಿಟ್ಟುಕೊಟ್ಟ ದತ್ತ ಮಂಡಲಗಳಿಗೆ ಸೇರಿದ್ದು. ಮನ್ರೋ ಸಾಹೇಬನ ಕಾಲದಲ್ಲಿ ಇಲ್ಲಿ ರೈತವಾರಿ ಪದ್ಧತಿ ಬೇರೂರಿತು; ಅಂದಿನಿಂದ ರೈತನ ಬಾಳು ಪಟ್ಟಾ, ಅಳತೆ, ಕಂದಾಯಗಳ ಕಾಗದಕ್ಕೆ ಕಟ್ಟುಬಿದ್ದಿತು. ಕಾಗದವಿದ್ದಲ್ಲಿ ವ್ಯಾಜ್ಯ, ವ್ಯಾಜ್ಯವಿದ್ದಲ್ಲಿ ವಕೀಲ. ಆದರೆ ವಕೀಲನಾಗಬೇಕೆಂಬ ಬಳ್ಳಾರಿ ಜಿಲ್ಲೆಯ ತರುಣನು ಬಹುಕಾಲ ಮದ್ರಾಸಿನ ದಾರಿ ಹಿಡಿಯಬೇಕಾಗಿತ್ತು. ಅಲ್ಲಿಯ ಲಾ ಕಾಲೇಜು ೧೮೯೧ರಲ್ಲಿ ಸ್ಥಾಪಿತವಾಯಿತು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕನ್ನಡ ಜಿಲ್ಲೆಗಳಿಗಾದರೂ ಬೆಳಗಾವಿಯ ರಾಜಾ ಲಖಮಗೌಡ ಕಾಲೇಜು ದೊರೆತದ್ದು ೧೯೩೯ರಲ್ಲಿ.

ಇಂಥ ಕಾಲದಲ್ಲಿಯೂ ದಾರಿ ಮಾಡಿಕೊಂಡವರಿದ್ದರು. ಹರಪನಹಳ್ಳಿ ತಾಲೂಕಿನ ಹಲುವಾಗಲು ಎಂಬ ಹಳ್ಳಿಯಲ್ಲಿ ೧೯೦೨ರಲ್ಲಿ ಜನಿಸಿದ ಎಸ್. ನಿಜಲಿಂಗಪ್ಪನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಪುಣೆಯಲ್ಲಿ ೧೯೨೬ರಲ್ಲಿ ಕಾಯಿದೆಯ ಪದವಿ ಪಡೆದು, ಚಿತ್ರದುರ್ಗದಲ್ಲಿ ವಕೀಲರಾಗಿ ನಿಂತರು. ಅಲ್ಲಿಂದ ಸ್ವಾತಂತ್ರ್ಯದ ಹೋರಾಟಕ್ಕೆ, ಅಲ್ಲಿಂದ ಕನ್ನಡ ನಾಡಿನ ಏಕೀಕರಣಕ್ಕೆ ಅವರ ಹೆಜ್ಜೆ ಸಾಗಿತು. ೧೯೫೬ರ ನವೆಂಬರ್ ೧ರಂದು ಒಂದಾದ ರಾಜ್ಯದ ಮೊದಲ ಮುಖ್ಯಮಂತ್ರಿಗಳು ಅವರೇ. ಈಚಿನ ತಲೆಮಾರಿನಲ್ಲಿ ಹಡಗಲಿಯ ಎಂ.ಪಿ. ಪ್ರಕಾಶರು ಕಾಯಿದೆ ಓದಿ, ವಕೀಲಿಯಿಂದ ಸಾರ್ವಜನಿಕ ಜೀವನಕ್ಕೆ ಬಂದು, ಉಪಮುಖ್ಯಮಂತ್ರಿಗಳಾಗಿ, ರಂಗಭೂಮಿಗೂ ಸೇವೆ ಸಲ್ಲಿಸಿದುದನ್ನು ನಮ್ಮ ವಾಚಕರು ಬಲ್ಲರು.

ಇನ್ನೊಂದು ಸಂಗತಿಯನ್ನೂ ಇಲ್ಲಿ ನೆನೆಯುವುದು ಉಚಿತ. ೧೯೫೩ರಲ್ಲಿ ಆಂಧ್ರ ರಾಜ್ಯ ರಚನೆಯಾಗುವಾಗ ಬಳ್ಳಾರಿ ಜಿಲ್ಲೆಯ ಯಾವ ತಾಲೂಕು ಎಲ್ಲಿಗೆ ಸೇರಬೇಕೆಂಬ ಪ್ರಶ್ನೆಯನ್ನು ನ್ಯಾಯಮೂರ್ತಿ ವಾಂಛೂ ಅವರು ವಿಚಾರಿಸಿದರು. ಬಳ್ಳಾರಿ ತಾಲೂಕಿನ ಮಟ್ಟಿಗೆ ಮಿಶ್ರಾ ಆಯೋಗವೇ ಬೇರೆಯಾಗಿ ಕುಳಿತು ಸಾಕ್ಷ್ಯ ಕೇಳಿತು. ಆ ವರ್ಷದ ಅಕ್ಟೋಬರ್ ೧ರಂದು ಈ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು. ಕೂಗಾಟದಷ್ಟರಿಂದಲೇ ಆದ ಕೆಲಸವಲ್ಲ ಅದು. ದಾಖಲೆ, ಜನಗಣತಿ, ವಾದ ಇವುಗಳ ಬಲವೂ ಅದಕ್ಕೆ ಬೇಕಾಯಿತು. ಕಾಗದವನ್ನು ಓದಬಲ್ಲವರೂ ವಾದಿಸಬಲ್ಲವರೂ ಒಂದು ಸೀಮೆಗೆ ಏಕೆ ಬೇಕೆಂಬುದಕ್ಕೆ ನಮ್ಮ ಚರಿತ್ರೆಯೇ ಸಾಕ್ಷಿಯಾಗಿದೆ.

ಇಂದಿನ ಅಗತ್ಯ

ಇಂದು ಈ ಅಗತ್ಯವು ಕಡಿಮೆಯಾಗಿಲ್ಲ. ತುಂಗಭದ್ರಾ ಜಲಾಶಯದ ಹಿನ್ನೀರಿಗೆ ಭೂಮಿ ಕೊಟ್ಟವರ ಮಕ್ಕಳು ಮೊಮ್ಮಕ್ಕಳು ಇಲ್ಲಿದ್ದಾರೆ. ಭೂಸ್ವಾಧೀನಕ್ಕೆ ೧೮೯೪ರ ಹಳೆಯ ಕಾಯಿದೆ ಹೋಗಿ ೨೦೧೩ರ ಹೊಸ ಕಾಯಿದೆ ಬಂದಿದೆ. ಎಷ್ಟು ರೈತರಿಗೆ ಆ ವ್ಯತ್ಯಾಸ ಗೊತ್ತು? ಪರಿಶಿಷ್ಟರಿಗೆ ಮಂಜೂರಾದ ಭೂಮಿಯ ಪರಭಾರೆಯನ್ನು ತಡೆಯುವ ೧೯೭೮ರ ಕಾಯಿದೆಯಿದೆ. ಅದರ ರಕ್ಷಣೆ ಬೇಡುವ ಅರ್ಜಿಯನ್ನು ಸರಿಯಾಗಿ ಬರೆದುಕೊಡುವವರು ಹಳ್ಳಿಯಲ್ಲಿ ಎಷ್ಟು ಜನ? ದೇವದಾಸಿ ಪದ್ಧತಿಯ ಮಾತು ಬಂದರೆ, ಈ ಸೀಮೆ ಮದ್ರಾಸು ಪ್ರಾಂತದಲ್ಲಿದ್ದಾಗ ೧೯೪೭ರಲ್ಲಿಯೇ ಅದನ್ನು ನಿಷೇಧಿಸುವ ಕಾಯಿದೆಯಾಯಿತು. ಕರ್ನಾಟಕದ ಕಾಯಿದೆ ೧೯೮೨ರಲ್ಲಿ ಆಯಿತು. ಆದರೂ ಆ ತಾಯಂದಿರ ಮತ್ತು ಅವರ ಮಕ್ಕಳ ಹಕ್ಕುಗಳ ಪ್ರಶ್ನೆ ಮುಗಿದಿಲ್ಲ. ಕಾಯಿದೆಯು ಪುಸ್ತಕದಲ್ಲಿದ್ದರೆ ಸಾಲದು. ಅದನ್ನು ಕಚೇರಿಯ ಮೇಜಿನ ಮೇಲೆ ಇಟ್ಟು ಕೇಳುವವರು ಬೇಕು.

ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿಗಳ ನ್ಯಾಯಾಲಯಗಳ ಅಂಗಳದಲ್ಲಿ ಬೆಳಗಿನಿಂದ ಸಂಜೆಯವರೆಗೆ ಕುಳಿತಿರುವ ಕಕ್ಷಿದಾರರನ್ನು ನೋಡಿರಿ. ತನ್ನ ಮೊಕದ್ದಮೆಯಲ್ಲಿ ಇಂದು ಏನು ನಡೆಯಿತೆಂಬುದು ತಿಳಿಯದೆ ಮುಂದಿನ ತಾರೀಖನ್ನಷ್ಟೇ ಕೇಳಿಕೊಂಡು ಬಸ್ಸು ಹತ್ತುವವನು ಅಲ್ಲಿ ಅಪರೂಪನಲ್ಲ. ಅವನ ಭಾಷೆ ಬಲ್ಲ, ಅವನ ಹೊಲ ಕಂಡ, ಅವನಿಗೆ ತಿಳಿಯುವಂತೆ ಹೇಳಬಲ್ಲ ವಕೀಲರು ಹೆಚ್ಚಬೇಕು. ಆ ವಕೀಲರು ಇಂದು ಈ ತಾಲೂಕುಗಳ ಕಾಲೇಜುಗಳಲ್ಲಿ ಕುಳಿತಿರುವ ಹುಡುಗರೂ ಹುಡುಗಿಯರೂ ಅಲ್ಲದೆ ಮತ್ತಾರು?

ಎರಡು ಹಾದಿಗಳು

ಕಾಯಿದೆ ವ್ಯಾಸಂಗಕ್ಕೆ ಹಾದಿಗಳು ಎರಡು. ಪಿ.ಯು.ಸಿ. ಆದ ಕೂಡಲೆ ಸೇರಬಹುದಾದ ಐದು ವರ್ಷದ ಕೂಡುಪದವಿ ಒಂದು. ಯಾವುದೇ ಪದವಿಯ ನಂತರ ಮೂರು ವರ್ಷದ ಎಲ್.ಎಲ್.ಬಿ. ಇನ್ನೊಂದು. ಭಾರತೀಯ ವಕೀಲರ ಪರಿಷತ್ತಿನ ೨೦೦೮ರ ಶಿಕ್ಷಣ ನಿಯಮಗಳು ಎರಡಕ್ಕೂ ಅನ್ವಯಿಸುತ್ತವೆ. ಸಾಮಾನ್ಯ ವರ್ಗದವರಿಗೆ ಅರ್ಹತಾ ಪರೀಕ್ಷೆಯಲ್ಲಿ ಶೇಕಡ ೪೫, ಹಿಂದುಳಿದ ವರ್ಗದವರಿಗೆ ೪೨, ಪರಿಶಿಷ್ಟ ಜಾತಿ ಪಂಗಡದವರಿಗೆ ೪೦ ಅಂಕಗಳು ಕನಿಷ್ಠ ಮಿತಿ. ಯಾವ ವಿಷಯದಲ್ಲಿ ಪದವಿಯಾಗಿದೆ ಎಂಬುದು ಅಡ್ಡಿಯಲ್ಲ. ಚರಿತ್ರೆ, ರಾಜ್ಯಶಾಸ್ತ್ರ ಓದಿದವನಿಗೆ ಸಂವಿಧಾನ ಬೇಗ ಹತ್ತುತ್ತದೆ. ವಾಣಿಜ್ಯ ಓದಿದವನಿಗೆ ತೆರಿಗೆ ಮತ್ತು ಕಂಪನಿ ಕಾಯಿದೆ. ವಿಜ್ಞಾನ ಓದಿದವನಿಗೆ ಸಾಕ್ಷ್ಯವನ್ನು ಒರೆಹಚ್ಚಿ ನೋಡುವ ಅಭ್ಯಾಸ ಮೊದಲೇ ಇರುತ್ತದೆ.

೨೦೦೯ರಲ್ಲಿ ಹುಬ್ಬಳ್ಳಿಯಲ್ಲಿ ಸ್ಥಾಪಿತವಾದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ರಾಜ್ಯದ ಕಾಯಿದೆ ಕಾಲೇಜುಗಳು ಸೇರಿವೆ. ಇವುಗಳಲ್ಲಿ ಪ್ರವೇಶವು ಸಾಮಾನ್ಯವಾಗಿ ಹಿಂದಿನ ಪರೀಕ್ಷೆಯ ಅಂಕಗಳ ಮೇಲೆಯೇ ನಡೆಯುತ್ತದೆ. ಆದುದರಿಂದ ಪದವಿಯ ಒಂದೊಂದು ಸೆಮಿಸ್ಟರಿನ ಅಂಕವೂ ಕಾಯಿದೆಯ ಕಾಲೇಜಿನ ಅರ್ಜಿಯ ಒಂದು ಭಾಗವೆಂದೇ ತಿಳಿಯತಕ್ಕದ್ದು. “ಪಾಸಾದರೆ ಸಾಕು” ಎಂದವನು ಕೊನೆಗೆ ೪೩ರಲ್ಲಿ ನಿಂತು ಪರಿತಪಿಸಬೇಕಾದೀತು. ನಮ್ಮ ತಾಲೂಕುಗಳವರಿಗೆ ಕೈಗೆಟುಕುವ ದೂರದಲ್ಲಿ ಬಳ್ಳಾರಿಯ ವುಂಕಿ ಸಣ್ಣರುದ್ರಪ್ಪ ಕಾನೂನು ಕಾಲೇಜು, ದಾವಣಗೆರೆಯ ಆರ್.ಎಲ್. ಕಾನೂನು ಕಾಲೇಜು, ಚಿತ್ರದುರ್ಗದ ಸರಸ್ವತಿ ಕಾನೂನು ಕಾಲೇಜು, ಹೊಳೆಯಾಚೆ ಗದುಗಿನ ಎಸ್.ಎ. ಮಾನ್ವಿ ಕಾನೂನು ಕಾಲೇಜು, ರಾಣೆಬೆನ್ನೂರಿನ ಆರ್.ಟಿ.ಇ.ಎಸ್. ಕಾನೂನು ಕಾಲೇಜು ಇವೆ. ಹರಪನಹಳ್ಳಿಯವನಿಗೆ ದಾವಣಗೆರೆ, ಕೂಡ್ಲಿಗಿಯವನಿಗೆ ಚಿತ್ರದುರ್ಗ, ಹಡಗಲಿಯವನಿಗೆ ಗದಗು ಅಥವಾ ರಾಣೆಬೆನ್ನೂರು ಅನುಕೂಲವಾಗಬಹುದು. ಮದ್ರಾಸಿಗೆ ಹೋಗುತ್ತಿದ್ದ ಕಾಲಕ್ಕೆ ಹೋಲಿಸಿದರೆ ಇದು ಅಂಗಳದ ಬಾವಿಯೇ ಸರಿ.

ರಾಷ್ಟ್ರಮಟ್ಟದ ಕಾನೂನು ವಿಶ್ವವಿದ್ಯಾಲಯಗಳಿಗೆ ಸೇರಬೇಕೆಂಬವರು ಕ್ಲ್ಯಾಟ್ ಎಂಬ ಪ್ರವೇಶ ಪರೀಕ್ಷೆಯನ್ನು ಬರೆಯಬೇಕು. ೨೦೦೮ರಲ್ಲಿ ಆರಂಭವಾದ ಈ ಪರೀಕ್ಷೆಯು ಈಗ ಪ್ರವೇಶದ ಹಿಂದಿನ ಡಿಸೆಂಬರಿನಲ್ಲಿಯೇ ನಡೆಯುತ್ತದೆ, ಅಂದರೆ ಪಿ.ಯು.ಸಿ. ವಾರ್ಷಿಕ ಪರೀಕ್ಷೆಗೂ ಮೊದಲು. ಪಿ.ಯು.ಸಿ. ಫಲಿತಾಂಶ ಬಂದ ಮೇಲೆ ವಿಚಾರಿಸುವವನಿಗೆ ಆ ವರ್ಷದ ಬಾಗಿಲು ಮುಚ್ಚಿರುತ್ತದೆ. ನೂರಿಪ್ಪತ್ತು ಪ್ರಶ್ನೆ, ಎರಡು ಗಂಟೆ, ತಪ್ಪುತ್ತರಕ್ಕೆ ಕಾಲು ಅಂಕದ ಕಡಿತ. ಇಂಗ್ಲಿಷು ಭಾಷೆ, ಪ್ರಚಲಿತ ವಿದ್ಯಮಾನ, ನ್ಯಾಯವಿಚಾರ, ತರ್ಕ, ಸರಳ ಗಣಿತ ಎಂಬ ಐದು ಭಾಗಗಳು. ಕೇಳುವುದು ಬಾಯಿಪಾಠವನ್ನಲ್ಲ, ಒಂದು ಪರಿಚ್ಛೇದವನ್ನು ಬೇಗ ಓದಿ ಅದರ ತಿರುಳನ್ನು ಹಿಡಿಯುವ ಶಕ್ತಿಯನ್ನು.

ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲು ೨೦೨೧ರಿಂದ ಕನಿಷ್ಠ ಹತ್ತು ವರ್ಷ ಕರ್ನಾಟಕದಲ್ಲಿ ವ್ಯಾಸಂಗ ಮಾಡಿದವರಿಗೆ ಶೇಕಡ ೨೫ ಸ್ಥಾನಗಳನ್ನು ಮೀಸಲಿಟ್ಟಿದೆ. ೨೦೨೨ರಿಂದ ಅಲ್ಲಿ ಪದವೀಧರರಿಗಾಗಿ ಮೂರು ವರ್ಷದ ವ್ಯಾಸಂಗವೂ ಮೊದಲಾಗಿದೆ. ಅದಕ್ಕೆ ಬೇರೆಯೇ ಪರೀಕ್ಷೆಯುಂಟು, ಅದರಲ್ಲಿ ಬರವಣಿಗೆಯ ಭಾಗವೂ ಉಂಟು. ಇದು ದೊಡ್ಡೂರಿನವರಿಗೆ ಮಾತ್ರ ಎಂದು ನಮ್ಮ ಬುದ್ಧಿವಂತ ಮಕ್ಕಳು ಮೊದಲೇ ಕೈಚೆಲ್ಲುವುದು ನಮಗೆ ಒಪ್ಪಿತವಲ್ಲ. ಹಾಗೆಯೇ ಅಲ್ಲಿ ಸ್ಥಾನ ಸಿಗದವನು ತನ್ನ ಬಾಳು ಮುಗಿಯಿತೆಂದು ತಿಳಿಯುವುದೂ ತಪ್ಪು. ನ್ಯಾಯಾಲಯದ ಕಟಕಟೆಯ ಮುಂದೆ ಎರಡೂ ಪದವಿಗಳಿಗೆ ಒಂದೇ ಕಪ್ಪು ಕೋಟು.

ಪ್ರಮಾಣಪತ್ರಗಳ ವಿಷಯ

ಸಣ್ಣ ವಿಷಯವೆಂದು ಅಲಕ್ಷಿಸಿ ದೊಡ್ಡ ನಷ್ಟಕ್ಕೆ ಗುರಿಯಾಗುವುದು ಇಲ್ಲಿಯೇ. ಎಸ್.ಎಸ್.ಎಲ್.ಸಿ., ಪಿ.ಯು.ಸಿ., ಪದವಿ ಇವುಗಳ ಅಂಕಪಟ್ಟಿಗಳಲ್ಲಿ ಹೆಸರು, ತಂದೆತಾಯಿಯರ ಹೆಸರು, ಜನ್ಮದಿನ ಒಂದೇ ರೀತಿಯಾಗಿವೆಯೇ ಎಂಬುದನ್ನು ಮೊದಲನೆಯ ವರ್ಷದಲ್ಲಿಯೇ ನೋಡಿಕೊಂಡು ತಿದ್ದಿಸಿಕೊಳ್ಳಬೇಕು. ಜಾತಿ ಮತ್ತು ಆದಾಯದ ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದ ಮೊದಲೇ ಪಡೆದಿಟ್ಟುಕೊಳ್ಳಬೇಕು. ಬೇರೆ ವಿಶ್ವವಿದ್ಯಾಲಯದಿಂದ ಬರುವವನಿಗೆ ವಲಸೆ ಪ್ರಮಾಣಪತ್ರ ಬೇಕಾಗುತ್ತದೆ.

ಇದಕ್ಕಿಂತ ಮುಖ್ಯವಾದುದು ಸಂವಿಧಾನದ ೩೭೧-ಜೆ ಅನುಚ್ಛೇದದ ಸೌಲಭ್ಯ. ೨೦೧೨ರ ೯೮ನೆಯ ತಿದ್ದುಪಡಿಯಿಂದ ಬಂದ ಈ ಅನುಚ್ಛೇದದ ಪ್ರಕಾರ, ರಾಜ್ಯದ ಪ್ರವೇಶ ನಿಯಮಗಳಿಗೆ ಒಳಪಟ್ಟ ಸ್ಥಾನಗಳಲ್ಲಿ, ಕಲ್ಯಾಣ ಕರ್ನಾಟಕದೊಳಗಿನ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡ ೭೦ನ್ನೂ, ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇಕಡ ೮ನ್ನೂ ಈ ಪ್ರದೇಶದವರಿಗೆ ಕಾಯ್ದಿರಿಸಲಾಗಿದೆ. ಹರಪನಹಳ್ಳಿ ತಾಲೂಕು ೧೯೯೭ರಿಂದ ದಾವಣಗೆರೆ ಜಿಲ್ಲೆಯಲ್ಲಿದ್ದು, ೨೦೧೮ರಲ್ಲಿ ಮತ್ತೆ ಬಳ್ಳಾರಿಗೆ ಸೇರಿದ ಮೇಲೆ ಈ ಸೌಲಭ್ಯದ ಒಳಗೆ ಬಂದಿತು. ೨೦೨೧ರಲ್ಲಿ ಹೊಸಪೇಟೆಯನ್ನು ಕೇಂದ್ರವಾಗಿ ಮಾಡಿ ವಿಜಯನಗರ ಜಿಲ್ಲೆ ರಚಿತವಾದಾಗ ಐದೂ ತಾಲೂಕುಗಳು ಅದರೊಳಗೆ ಒಂದಾದವು. ಈ ಸೌಲಭ್ಯಕ್ಕೆ ಸಹಾಯಕ ಆಯುಕ್ತರು ಕೊಡುವ ಅರ್ಹತಾ ಪ್ರಮಾಣಪತ್ರ ಅವಶ್ಯ. ಅದಕ್ಕಾಗಿ ಪ್ರವೇಶದ ವಾರದಲ್ಲಿ ಓಡಾಡಿದರೆ ಪ್ರಯೋಜನವಿಲ್ಲ.

ಎಚ್ಚರಿಕೆಯ ಎರಡು ಮಾತು. ಹತ್ತನೆಯ ತರಗತಿ, ಪಿ.ಯು.ಸಿ.ಗಳನ್ನು ಕ್ರಮವಾಗಿ ಮುಗಿಸದೆ ಮುಕ್ತ ವಿಶ್ವವಿದ್ಯಾಲಯದಿಂದ ನೇರವಾಗಿ ಪದವಿ ಪಡೆದವರನ್ನು ವಕೀಲರ ಪರಿಷತ್ತಿನ ನಿಯಮವು ಅರ್ಹರೆಂದು ಒಪ್ಪುವುದಿಲ್ಲ. ಕ್ರಮವಾಗಿ ಓದಿ ಪದವಿಯನ್ನು ಅಂಚೆಶಿಕ್ಷಣದಲ್ಲಿ ಮುಗಿಸಿದವರಿಗೆ ಆ ಅಡ್ಡಿಯಿಲ್ಲ. ಎರಡನೆಯದು, ಎಲ್.ಎಲ್.ಬಿ. ಮನೆಯಲ್ಲಿ ಕುಳಿತು ಪಡೆಯತಕ್ಕ ಪದವಿಯಲ್ಲ. ಪ್ರತಿಯೊಂದು ವಿಷಯದಲ್ಲಿಯೂ ಶೇಕಡ ೭೦ ಹಾಜರಿಯನ್ನು ನಿಯಮವು ಕೇಳುತ್ತದೆ. ಕಾಲೇಜಿಗೆ ಬಾರದೆ ಪರೀಕ್ಷೆಗೆ ಮಾತ್ರ ಬಂದರೆ ಸಾಕೆಂದು ಯಾರಾದರೂ ಹೇಳಿದರೆ ಅಂಥವರಿಂದ ದ್ರವ್ಯವನ್ನೂ ಭವಿಷ್ಯವನ್ನೂ ಕಾಪಾಡಿಕೊಳ್ಳುವುದು ಲೇಸು. ನೌಕರಿಯಲ್ಲಿದ್ದುಕೊಂಡು ಕಾಯಿದೆ ಓದಲು ಬಯಸುವ ಅಧಿಕಾರಿ ಮಿತ್ರರೂ ಇದನ್ನು ಗಮನಿಸಬೇಕು.

ಭಾಷೆಯ ಪ್ರಶ್ನೆ

ನಮ್ಮ ವಿದ್ಯಾರ್ಥಿಗಳ ಎದೆಯಲ್ಲಿರುವ ದೊಡ್ಡ ಭಯ ಇಂಗ್ಲಿಷಿನದು. ಕನ್ನಡ ಮಾಧ್ಯಮದಲ್ಲಿ ಓದಿ ಬಂದವನು “ಕಾಯಿದೆಯೆಲ್ಲ ಇಂಗ್ಲಿಷಿನಲ್ಲಿದೆ, ನನ್ನಿಂದಾಗದು” ಎಂದು ಹಿಂಜರಿಯುತ್ತಾನೆ. ಈ ಭಯವು ಅರ್ಧ ಸತ್ಯದಿಂದ ಹುಟ್ಟಿದ್ದು. ರಾಜ್ಯ ಕಾನೂನು ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ ಉತ್ತರಗಳನ್ನು ಪೂರ್ತಿಯಾಗಿ ಇಂಗ್ಲಿಷಿನಲ್ಲಿ ಅಥವಾ ಪೂರ್ತಿಯಾಗಿ ಕನ್ನಡದಲ್ಲಿ ಬರೆಯುವ ಅವಕಾಶವಿದೆ. ತಾಲೂಕು ನ್ಯಾಯಾಲಯದಲ್ಲಿ ಸಾಕ್ಷಿ ನುಡಿಯುವುದು ಕನ್ನಡದಲ್ಲಿ. ಕ್ರಯಪತ್ರ, ಪಾಲುಪಟ್ಟಿ, ಪಂಚನಾಮೆಗಳು ಇರುವುದು ಕನ್ನಡದಲ್ಲಿ. ೨೦೨೪ರ ಡಿಸೆಂಬರಿನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ವಿಭಾಗೀಯ ಪೀಠವೊಂದು ಕನ್ನಡದಲ್ಲಿಯೇ ತೀರ್ಪು ಕೊಟ್ಟುದನ್ನು ನಾಡು ಹರ್ಷದಿಂದ ಕಂಡಿತು.

ಆದರೆ ಉಳಿದರ್ಧ ಸತ್ಯವನ್ನು ಮುಚ್ಚಿಡುವುದು ವಿದ್ಯಾರ್ಥಿಗಳಿಗೆ ಬಗೆಯುವ ದ್ರೋಹ. ಉಚ್ಚ ಮತ್ತು ಸರ್ವೋಚ್ಚ ನ್ಯಾಯಾಲಯಗಳ ಕಲಾಪ, ಪ್ರಮಾಣ ಗ್ರಂಥಗಳು, ಕ್ಲ್ಯಾಟ್ ಪರೀಕ್ಷೆ ಇವು ಇಂಗ್ಲಿಷಿನಲ್ಲಿವೆ. ಸಿವಿಲ್ ನ್ಯಾಯಾಧೀಶರ ನೇಮಕದ ಮುಖ್ಯ ಪರೀಕ್ಷೆಯಲ್ಲಿ ಕನ್ನಡದಿಂದ ಇಂಗ್ಲಿಷಿಗೂ ಇಂಗ್ಲಿಷಿನಿಂದ ಕನ್ನಡಕ್ಕೂ ಭಾಷಾಂತರದ ಒಂದು ಪತ್ರಿಕೆಯೇ ಇದೆ. ನಾಡಭಾಷೆಯ ಅಭಿಮಾನವು ಇಂಗ್ಲಿಷಿನ ಅಜ್ಞಾನಕ್ಕೆ ಹೊದಿಕೆಯಾಗಬಾರದು. ಇಂಗ್ಲಿಷಿನ ಮೋಹವು ಕನ್ನಡದ ಅಜ್ಞಾನಕ್ಕೂ ಹೊದಿಕೆಯಾಗಬಾರದು. ಎರಡರಲ್ಲಿಯೂ ಕಾಗದ ಬರೆಯಬಲ್ಲವನೇ ನಮ್ಮ ಸೀಮೆಗೆ ಬೇಕಾದ ವಕೀಲ.

ಅಭ್ಯಾಸದ ಕ್ರಮವನ್ನು ಹೇಳುವುದಾದರೆ, ದಿನಕ್ಕೆ ಒಂದು ಗಂಟೆ ಸಾಕು. ಇಂಗ್ಲಿಷು ಪತ್ರಿಕೆಯ ಒಂದು ಸಂಪಾದಕೀಯವನ್ನು ಓದಿ, ಅದರ ಸಾರವನ್ನು ಕನ್ನಡದಲ್ಲಿ ಅರ್ಧ ಪುಟ ಬರೆಯುವುದು. ಮರುದಿನ ಆ ಅರ್ಧ ಪುಟವನ್ನು ನೋಡಿ ಮತ್ತೆ ಇಂಗ್ಲಿಷಿಗೆ ತರುವುದು. ಬಳಿಕ ಮೂಲದೊಡನೆ ಹೋಲಿಸುವುದು. ಮೂರು ವರ್ಷ ಇದನ್ನು ಬಿಡದೆ ಮಾಡಿದವನಿಗೆ ಭಾಷೆಯ ಭಯ ಉಳಿಯುವುದಿಲ್ಲವೆಂದು ನಾವು ಧೈರ್ಯವಾಗಿ ಹೇಳಬಲ್ಲೆವು.

ಮನೆಯ ಪೆಟ್ಟಿಗೆಯೇ ಮೊದಲ ಪುಸ್ತಕ

ಇನ್ನು ಕಾಯಿದೆಯ ಪೂರ್ವಾಭ್ಯಾಸ. ಇದಕ್ಕೆ ದಪ್ಪ ಪುಸ್ತಕಗಳನ್ನು ಕೊಳ್ಳುವ ಮೊದಲು ವಿದ್ಯಾರ್ಥಿಯು ತನ್ನ ಮನೆಯ ಪೆಟ್ಟಿಗೆಯನ್ನು ತೆರೆಯಲಿ. ಅಜ್ಜನ ಕಾಲದ ಕ್ರಯಪತ್ರ, ಪಾಲುಪಟ್ಟಿ, ಅಡಮಾನದ ಕಾಗದ, ಈ ವರ್ಷದ ಪಹಣಿ ಇವುಗಳನ್ನು ಹೊರತೆಗೆದು ಓದಲಿ. ಚಕ್ಕುಬಂದಿಯಲ್ಲಿ ಹೇಳಿದ ನಾಲ್ಕು ಎಲ್ಲೆಗಳು ಹೊಲದಲ್ಲಿ ಎಲ್ಲಿವೆ? ಕ್ರಯಪತ್ರದ ವಿಸ್ತೀರ್ಣಕ್ಕೂ ಪಹಣಿಯ ವಿಸ್ತೀರ್ಣಕ್ಕೂ ಹೊಂದಿಕೆಯಿದೆಯೇ? ಅಜ್ಜನ ಹೆಸರಿನಿಂದ ತಂದೆಯ ಹೆಸರಿಗೆ ಖಾತೆ ಬದಲಾದದ್ದು ಯಾವ ಆಧಾರದ ಮೇಲೆ? ಅತ್ತೆಯರ ಪಾಲಿನ ವಿಷಯದಲ್ಲಿ ಆ ಕಾಗದ ಏನು ಹೇಳುತ್ತದೆ, ಏನನ್ನು ಹೇಳದೆ ಬಿಟ್ಟಿದೆ? ಈ ಪ್ರಶ್ನೆಗಳನ್ನು ಹಾಕಿಕೊಂಡವನಿಗೆ ಮುಂದೆ ಸ್ವತ್ತು ವರ್ಗಾವಣೆಯ ಕಾಯಿದೆಯೂ ವಾರಸಾ ಕಾಯಿದೆಯೂ ಒಣ ಅಕ್ಷರಗಳಾಗಿ ತೋರವು. ಹೊಲಮನೆಯಿಲ್ಲದ ಕುಟುಂಬದಲ್ಲಿ ಕೂಲಿಯ ಚೀಟಿ, ಪಡಿತರ ಕಾರ್ಡು, ಸಾಲದ ಕಾಗದ ಇವೇ ಇರಲಿ. ಅವುಗಳ ಹಿಂದೆಯೂ ಒಂದೊಂದು ಕಾಯಿದೆ ನಿಂತಿದೆ.

ಎರಡನೆಯ ಅಭ್ಯಾಸ ಅರ್ಜಿ ಬರೆಯುವುದು. ೨೦೦೫ರ ಮಾಹಿತಿ ಹಕ್ಕಿನ ಕಾಯಿದೆಯಂತೆ ಹತ್ತು ರೂಪಾಯಿ ಶುಲ್ಕದಲ್ಲಿ ಯಾವ ನಾಗರಿಕನೂ ಸರಕಾರಿ ಕಚೇರಿಯಿಂದ ಮಾಹಿತಿ ಕೇಳಬಹುದು. ಮೂವತ್ತು ದಿನಗಳಲ್ಲಿ ಉತ್ತರ ಬರಬೇಕು. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, ನೂರೈವತ್ತು ಪದಗಳನ್ನು ಮೀರಬಾರದು. ಊರ ಕೆರೆಯ ಒತ್ತುವರಿಯ ಕುರಿತೋ ಶಾಲೆಯ ಕಟ್ಟಡದ ಕುರಿತೋ ನೂರೈವತ್ತು ಪದಗಳಲ್ಲಿ, ಸಿಟ್ಟಿಲ್ಲದೆ, ಸಂದಿಗ್ಧವಿಲ್ಲದೆ, ಬೇಕಾದುದನ್ನಷ್ಟೇ ಕೇಳಲು ಕಲಿತವನು ವಕೀಲಿಯ ಬರವಣಿಗೆಯಲ್ಲಿ ಅರ್ಧ ದಾರಿ ನಡೆದಂತೆಯೇ. ಆದರೆ ಇದನ್ನು ಯಾರನ್ನಾದರೂ ಕಾಡುವುದಕ್ಕೆ ಉಪಯೋಗಿಸಬಾರದು.

ಮೂರನೆಯದು ನ್ಯಾಯಾಲಯದ ದರ್ಶನ. ನಮ್ಮ ನ್ಯಾಯಾಲಯಗಳು ತೆರೆದ ನ್ಯಾಯಾಲಯಗಳು. ಕೆಲವು ಗೋಪ್ಯ ವಿಚಾರಣೆಗಳನ್ನು ಬಿಟ್ಟರೆ ಯಾರು ಬೇಕಾದರೂ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕುಳಿತು ನೋಡಬಹುದು. ರಜೆಯ ದಿನಗಳಲ್ಲಿ ವಾರಕ್ಕೊಂದು ಬೆಳಗು ಹೋಗಿ ಕುಳಿತುಕೊಳ್ಳಲಿ. ಪಾಟೀಸವಾಲು ಹೇಗೆ ನಡೆಯುತ್ತದೆ, ಸಾಕ್ಷಿ ಎಲ್ಲಿ ತಡವರಿಸುತ್ತಾನೆ, ನ್ಯಾಯಾಧೀಶರು ಯಾವ ಮಾತನ್ನು ಬರೆದುಕೊಳ್ಳುತ್ತಾರೆ ಎಂಬುದನ್ನು ಗಮನಿಸಲಿ. ೨೦೨೨ರ ಸೆಪ್ಟೆಂಬರಿನಿಂದ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠದ ವಿಚಾರಣೆಗಳು ನೇರವಾಗಿ ಪ್ರಸಾರವಾಗತೊಡಗಿದವು. ಚಲಚ್ಚಿತ್ರದ ಕೋರ್ಟಿಗೂ ನಿಜವಾದ ಕೋರ್ಟಿಗೂ ಇರುವ ಅಂತರ ಆಗ ತಿಳಿದೀತು. ಈ ವೃತ್ತಿ ತನ್ನ ಸ್ವಭಾವಕ್ಕೆ ಒಗ್ಗುವುದೋ ಇಲ್ಲವೋ ಎಂಬುದೂ ತಿಳಿದೀತು.

ನಾಲ್ಕನೆಯದು ತೀರ್ಪುಗಳ ಓದು. ಕನ್ನಡ ನೆಲದಿಂದ ಹೋದ ಮೊಕದ್ದಮೆಗಳಿಂದಲೇ ಆರಂಭಿಸಬಹುದು. ಮೀಸಲಾತಿಯ ಮಿತಿಯನ್ನು ಚರ್ಚಿಸಿದ ಬಾಲಾಜಿ ಮೊಕದ್ದಮೆ ೧೯೬೨ರಲ್ಲಿ ಮೈಸೂರು ರಾಜ್ಯದಿಂದ ಹೋದದ್ದು. ಸಂವಿಧಾನದ ಮೂಲ ರಚನೆಯನ್ನು ಸಂಸತ್ತೂ ಅಳಿಸಲಾರದೆಂದು ೧೯೭೩ರಲ್ಲಿ ಹದಿಮೂರು ನ್ಯಾಯಾಧೀಶರ ಪೀಠವು ಬಹುಮತದಿಂದ ಸಾರಿದ ಮೊಕದ್ದಮೆಯ ಅರ್ಜಿದಾರರು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳು. ಕ್ಯಾಪಿಟೇಷನ್ ಶುಲ್ಕವನ್ನು ಪ್ರಶ್ನಿಸಿದ ೧೯೯೨ರ ಮೋಹಿನಿ ಜೈನ್ ಮೊಕದ್ದಮೆಯೂ, ರಾಷ್ಟ್ರಪತಿ ಆಳ್ವಿಕೆಯ ಅಧಿಕಾರಕ್ಕೆ ಕಟ್ಟು ಹಾಕಿದ ೧೯೯೪ರ ಎಸ್.ಆರ್. ಬೊಮ್ಮಾಯಿ ಮೊಕದ್ದಮೆಯೂ ನಮ್ಮ ರಾಜ್ಯದವೇ. ಒಂದೊಂದರ ಸಂಗ್ರಹವನ್ನು ಓದಿ ಸಂಗತಿ ಏನು, ಪ್ರಶ್ನೆ ಏನು, ಎರಡು ಕಡೆಯ ವಾದ ಏನು, ನಿರ್ಣಯ ಏನು ಎಂದು ನಾಲ್ಕು ಶೀರ್ಷಿಕೆಗಳಲ್ಲಿ ಒಂದು ಪುಟ ಬರೆದಿಡುವುದು ಒಳ್ಳೆಯ ಪದ್ಧತಿ. ಹಳೆಯ ಪುಸ್ತಕ ಕೊಳ್ಳುವಾಗ ಮಾತ್ರ ಎಚ್ಚರವಿರಲಿ: ೧೮೬೦ರ ದಂಡಸಂಹಿತೆ, ಅಪರಾಧ ಪ್ರಕ್ರಿಯೆ, ಸಾಕ್ಷ್ಯ ಕಾಯಿದೆಗಳ ಸ್ಥಾನದಲ್ಲಿ ೨೦೨೪ರ ಜುಲೈ ೧ರಿಂದ ಭಾರತೀಯ ನ್ಯಾಯ ಸಂಹಿತೆ, ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಅಧಿನಿಯಮಗಳು ಬಂದಿವೆ.

ಹಣ ಮತ್ತು ಮುಂದಿನ ದಾರಿ

ತಂದೆತಾಯಿಗಳ ಮೊದಲ ಚಿಂತೆ ವೆಚ್ಚದ್ದು. ಹಿಂದುಳಿದ ವರ್ಗಗಳ ಮತ್ತು ಪರಿಶಿಷ್ಟರ ವಿದ್ಯಾರ್ಥಿನಿಲಯಗಳು ಜಿಲ್ಲಾ ಕೇಂದ್ರಗಳಲ್ಲಿವೆ. ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್.ಎಸ್.ಪಿ. ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಪರಿಶಿಷ್ಟ ವರ್ಗದ ಕಾನೂನು ಪದವೀಧರರಿಗೆ ವಕೀಲಿ ತರಬೇತಿಯ ಕಾಲದಲ್ಲಿ ಮಾಸಿಕ ಭತ್ಯೆ ಕೊಡುವ ಸಮಾಜ ಕಲ್ಯಾಣ ಇಲಾಖೆಯ ಯೋಜನೆಯೊಂದುಂಟು. ಸನ್ನದು ಪಡೆಯುವಾಗ ಸಾವಿರಾರು ರೂಪಾಯಿ ಕೇಳುವ ಪದ್ಧತಿ ಹಿಂದೆ ಇತ್ತು. ೨೦೨೪ರ ಜುಲೈ ೩೦ರಂದು ಸರ್ವೋಚ್ಚ ನ್ಯಾಯಾಲಯವು, ೧೯೬೧ರ ವಕೀಲರ ಕಾಯಿದೆಯಲ್ಲಿ ಹೇಳಿದ ೭೫೦ ರೂಪಾಯಿ, ಪರಿಶಿಷ್ಟರಿಗೆ ೧೨೫ ರೂಪಾಯಿ, ಇದಕ್ಕಿಂತ ಹೆಚ್ಚು ನೋಂದಣಿ ಶುಲ್ಕ ಕೇಳಕೂಡದೆಂದು ತೀರ್ಪಿತ್ತಿತು. ಬಡವರ ಮಕ್ಕಳಿಗೆ ಇದು ಸಣ್ಣ ಉಪಕಾರವಲ್ಲ.

ಆದರೂ ಕಹಿ ಸತ್ಯವನ್ನು ಹೇಳಲೇಬೇಕು. ಪದವಿಯ ಮೇಲೆ ಅಖಿಲ ಭಾರತ ವಕೀಲರ ಪರೀಕ್ಷೆಯುಂಟು. ಮೊದಲ ಮೂರು ನಾಲ್ಕು ವರ್ಷ ಹಿರಿಯ ವಕೀಲರ ಕಚೇರಿಯಲ್ಲಿ ಕಲಿಯುವ ಕಾಲ, ವರಮಾನ ಅಲ್ಪ. ನ್ಯಾಯಾಧೀಶರಾಗಬೇಕೆಂಬವರಿಗೂ ಕನಿಷ್ಠ ಮೂರು ವರ್ಷದ ವಕೀಲಿ ಬೇಕೆಂದು ಸರ್ವೋಚ್ಚ ನ್ಯಾಯಾಲಯವು ೨೦೨೫ರ ಮೇ ೨೦ರಂದು ಹೇಳಿತು. ಆದುದರಿಂದ ಮಗನನ್ನೋ ಮಗಳನ್ನೋ ಕಾಯಿದೆಗೆ ಕಳಿಸುವವರು ಮೂರು ವರ್ಷದ ಲೆಕ್ಕವನ್ನಲ್ಲ, ಆರೇಳು ವರ್ಷದ ಲೆಕ್ಕವನ್ನು ಹಾಕಬೇಕು. ಅಷ್ಟು ತಾಳ್ಮೆಯಿಲ್ಲದ ಮನೆಯವರು ಬೇರೆ ದಾರಿ ಹಿಡಿಯುವುದರಲ್ಲಿ ಅವಮಾನವೇನೂ ಇಲ್ಲ.

ಹೆಣ್ಣುಮಕ್ಕಳ ವಿಷಯವಾಗಿ ಒಂದು ಮಾತು. ಭಾರತದಲ್ಲಿ ಸ್ತ್ರೀಯರಿಗೆ ವಕೀಲಿಯ ಬಾಗಿಲನ್ನು ೧೯೨೩ರ ಕಾಯಿದೆಯು ತೆರೆಯಿತು. ನೂರು ವರ್ಷ ಕಳೆದರೂ ನಮ್ಮ ಹಳ್ಳಿಗಳಲ್ಲಿ “ಕೋರ್ಟು ಕಚೇರಿ ಹೆಣ್ಣಿಗಲ್ಲ” ಎನ್ನುವವರಿದ್ದಾರೆ. ಜೀವನಾಂಶ ಕೇಳಿ ಬಂದ ಹೆಂಗಸು, ದೌರ್ಜನ್ಯಕ್ಕೊಳಗಾದ ಬಾಲೆ ತಮ್ಮ ಕಥೆಯನ್ನು ಸಂಕೋಚವಿಲ್ಲದೆ ಹೇಳಿಕೊಳ್ಳುವುದು ಯಾರ ಮುಂದೆ ಎಂಬುದನ್ನು ಅವರು ಆಲೋಚಿಸಲಿ.

ಹಿರಿಯರ ಕರ್ತವ್ಯ

ಸಿದ್ಧತೆಯ ಭಾರವನ್ನೆಲ್ಲ ವಿದ್ಯಾರ್ಥಿಯ ಮೇಲೆ ಹೊರಿಸಿ ನಾವು ಕೈಕಟ್ಟಿ ಕೂಡುವುದು ನ್ಯಾಯವಲ್ಲ. ಕೊಟ್ಟೂರಿನ ಕೊಟ್ಟೂರೇಶ್ವರ ಕಾಲೇಜು, ಹರಪನಹಳ್ಳಿಯ ಎ.ಡಿ.ಬಿ. ಕಾಲೇಜು, ಹಡಗಲಿಯ ಜಿ.ಬಿ.ಆರ್. ಕಾಲೇಜು, ಹಗರಿಬೊಮ್ಮನಹಳ್ಳಿ ಮತ್ತು ಕೂಡ್ಲಿಗಿಯ ಸರಕಾರಿ ಪ್ರಥಮ ದರ್ಜೆ ಕಾಲೇಜುಗಳು ತಿಂಗಳಿಗೊಂದು ಶನಿವಾರ ತಾಲೂಕಿನ ವಕೀಲರನ್ನು ಕರೆಸಿ ವಿದ್ಯಾರ್ಥಿಗಳೊಡನೆ ಮಾತನಾಡಿಸಬಹುದು. ವಕೀಲರ ಸಂಘಗಳು ಸಂವಿಧಾನ ಮತ್ತು ಮುಖ್ಯ ಕಾಯಿದೆಗಳ ಮೂಲಪಾಠಗಳನ್ನು ತಾಲೂಕಿನ ಸಾರ್ವಜನಿಕ ಗ್ರಂಥಾಲಯಕ್ಕೆ ಒಂದು ಬೀರುವಿನಷ್ಟು ಕೊಟ್ಟರೆ ಅವರಿಗೆ ಹೊರೆಯಾಗದು. ತಾಲೂಕು ಕಾನೂನು ಸೇವಾ ಸಮಿತಿಗಳು ಹಳ್ಳಿಯ ಅರಿವು ಸಭೆಗಳಿಗೆ ಕಾಲೇಜಿನ ಆಸಕ್ತ ತರುಣರನ್ನು ಜೊತೆಗೆ ಕರೆದೊಯ್ಯಲಿ. ಸ್ತ್ರೀಯರು, ಮಕ್ಕಳು, ಪರಿಶಿಷ್ಟರು ಮೊದಲಾದವರಿಗೆ ೧೯೮೭ರ ಕಾಯಿದೆಯಂತೆ ಉಚಿತ ಕಾನೂನು ನೆರವು ಸಲ್ಲುವುದೆಂಬ ಸಂಗತಿಯನ್ನು ಮನೆಮನೆಗೆ ಮುಟ್ಟಿಸಲು ಇವರಿಗಿಂತ ಒಳ್ಳೆಯ ದೂತರಿಲ್ಲ. ಅರ್ಹತಾ ಪ್ರಮಾಣಪತ್ರಗಳಿಗಾಗಿ ಬರುವ ವಿದ್ಯಾರ್ಥಿಯನ್ನು ನಾಲ್ಕು ಸಲ ತಿರುಗಿಸದೆ ಒಂದೇ ಸಲ ಬೇಕಾದ ಕಾಗದಗಳ ಪಟ್ಟಿಯನ್ನು ಕೈಗೆ ಕೊಡುವುದು ನಮ್ಮ ವಾಚಕರಾದ ಅಧಿಕಾರಿಗಳಿಂದ ಆಗತಕ್ಕ ಉಪಕಾರ.

ಹಲುವಾಗಲಿನ ಬಾಲಕನೊಬ್ಬನು ಪುಣೆಯವರೆಗೆ ಹೋಗಿ ಕಾಯಿದೆ ಕಲಿತು ಬಂದ ಕಾಲದಲ್ಲಿ ಇಷ್ಟು ಅನುಕೂಲಗಳು ಇರಲಿಲ್ಲ. ಇಂದು ಕಾಲೇಜುಗಳು ಹತ್ತಿರ ಬಂದಿವೆ, ಸಂವಿಧಾನದ ಅನುಚ್ಛೇದವೇ ಬೆನ್ನಿಗಿದೆ. ಈ ವರ್ಷ ಪದವಿಯ ಮೊದಲ ತರಗತಿಗೆ ಸೇರುವ ತರುಣ ತರುಣಿಯರಲ್ಲಿ ಒಂದೊಂದು ತಾಲೂಕಿನಿಂದ ಹತ್ತು ಜನರಾದರೂ ಇಂದು ರಾತ್ರಿಯೇ ಮನೆಯ ಪೆಟ್ಟಿಗೆಯನ್ನು ತೆರೆದು, ಅಜ್ಜನ ಕಾಗದವನ್ನು ದೀಪದ ಕೆಳಗೆ ಇಟ್ಟುಕೊಂಡು ಓದಲಾರಂಭಿಸಲಿ ಎಂದು ನಾವು ಹಾರೈಸುತ್ತೇವೆ.